ಬುಸೈತೀನ್ ಮನೆಯ ದಿಕ್ಸೂಚಿ

ಅನುಮಾನ ನನಗೆ ರಕ್ತದಲ್ಲೇ ಬಂದದ್ದು. ತರಕಾರಿಯವನು ಒಂದು ಹಿಡಿ ಬೆಂಡೆಕಾಯಿ ಹೆಚ್ಚು ಹಾಕಿದರೆ ಅದನ್ನು ಮುರಿದು ಹುಳು ಹುಡುಕುವವಳು ನಾನು. ಹೀಗಿರುವಾಗ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ, ನಿಮಗೆ ಫ್ರೆಂಚ್ ಬರುತ್ತದಂತೆ, ನಮ್ಮ ಮನೆಗೆ ಬಂದು ಒಂದು ಹಳೆಯ ಪುಸ್ತಕ ಓದಿ ಅರ್ಥ ಹೇಳುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನನಗೆ ಮೊದಲು ಹೊಳೆದದ್ದು ಪುಸ್ತಕವಲ್ಲ, ವೀಸಾ.

ನಾವು ಆಗ ಬಹ್ರೈನಿನ ಉಮ್ ಅಲ್ ಹಸ್ಸಮ್‌ನ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದೆವು. ಇವರು ಒಂದು ಟ್ರೇಡಿಂಗ್ ಆಫೀಸಿನ ಅಕೌಂಟ್ಸ್‌ನಲ್ಲಿದ್ದರು. ನಾನು ಇವರ ವೀಸಾದ ಮೇಲೆ ಬಂದವಳು. ಕಾಗದದಲ್ಲಿ ಗೃಹಿಣಿ, ಕೆಲಸ ಮಾಡುವ ಹಾಗಿಲ್ಲ. ಆದರೆ ಸಂಜೆಯಾದರೆ ನಮ್ಮ ಊಟದ ಮೇಜಿನ ಸುತ್ತ ಊರಿನ ಕಡೆಯ ಮಕ್ಕಳು ಕುಳಿತು ಫ್ರೆಂಚ್ ಕ್ರಿಯಾಪದಗಳನ್ನು ಉರು ಹೊಡೆಯುತ್ತಿದ್ದರು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಕ್ಕಳು. ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡರೆ ಮಾರ್ಕು ಧಾರಾಳ ಬೀಳುತ್ತದೆ ಎಂಬುದು ಅವರ ಅಪ್ಪ ಅಮ್ಮಂದಿರ ಲೆಕ್ಕಾಚಾರ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಾನೂ ಪಿಯುಸಿಯಲ್ಲಿ ಅದೇ ಆಸೆಗೆ ಕನ್ನಡ ಬಿಟ್ಟು ಫ್ರೆಂಚ್ ಹಿಡಿದವಳು, ಆಮೇಲೆ ಹಠಕ್ಕೆ ಬಿದ್ದು ಡಿಪ್ಲೊಮಾ ಮುಗಿಸಿದವಳು. ಟ್ಯೂಷನ್ ಗುಟ್ಟಾಗಿ ನಡೆಯುತ್ತಿತ್ತು. ಬಾಗಿಲು ಬಡಿದರೆ ಮಕ್ಕಳು ಬಾಯಿ ಮುಚ್ಚುವಷ್ಟು ತಯಾರಾಗಿದ್ದರು.

ಹಾಗಾಗಿ ಫೋನ್ ಇಟ್ಟವಳೇ ಕೆಳಗಿನ ಕೋಲ್ಡ್ ಸ್ಟೋರಿಗೆ ಇಳಿದೆ. ಬಹ್ರೈನಿನಲ್ಲಿ ದಿನಸಿ ಅಂಗಡಿಗೆ ಕೋಲ್ಡ್ ಸ್ಟೋರ್ ಅನ್ನುತ್ತಾರೆ. ನಮ್ಮ ಕಟ್ಟಡದ ಕೋಲ್ಡ್ ಸ್ಟೋರ್ ಬಂಟ್ವಾಳದ ಬ್ಯಾರಿ ಕಾಕನದು. ನನ್ನ ನಂಬರು ಹೊರಗೆ ಹೋಗಿದ್ದರೆ ಅದು ಅವರ ಬಾಯಿಂದಲೇ ಹೋಗಿರಬೇಕು.

"ಕಾಕ, ನನ್ನ ನಂಬರ್ ಯಾರಿಗೆ ಕೊಟ್ರಿ?"

"ಬುಸೈತೀನಿನ ಹಾಜಿಯ ಮಗಳಿಗೆ ಕೊಟ್ಟದ್ದು ಟೀಚರೇ. ಫ್ರೆಂಚ್ ಗೊತ್ತಿರುವವರು ಯಾರಾದರೂ ಉಂಟಾ ಅಂತ ಕೇಳಿದ್ರು. ಹಾಜಿ ನನ್ನ ಅರ್ಬಾಬನ ದೊಡ್ಡಪ್ಪನೇ ಅಲ್ವಾ."

"ನಾನು ಟ್ಯೂಷನ್ ಮಾಡೋದು ಅವರಿಗೆ ಯಾಕೆ ಗೊತ್ತಾಗ್ಬೇಕಿತ್ತು?"

"ಎಂತ ಮಾರಾಯ್ರೆ ನೀವು! ಈ ಬಿಲ್ಡಿಂಗಿನಲ್ಲಿ ಅದು ಗೊತ್ತಿಲ್ಲದ್ದು ಯಾರಿಗೆ? ಅವರು ಒಳ್ಳೆ ಜನ. ಹೆದರ್ಲಿಕ್ಕೆ ಎಂತದೂ ಇಲ್ಲ."

ಅರ್ಬಾಬ್ ಎಂದರೆ ಇಲ್ಲಿ ವೀಸಾ ಕೊಟ್ಟ ಧಣಿ. ಆ ಧಣಿಯ ದೊಡ್ಡಪ್ಪನ ಮನೆಯವರು ಕರೆದಾಗ ಬರುವುದಿಲ್ಲ ಅಂದರೆ ಕಾಕನಿಗೆ ಇಕ್ಕಟ್ಟು. ಬರುತ್ತೇನೆ ಅಂದರೆ ನನಗೆ ಇಕ್ಕಟ್ಟು. ರಾತ್ರಿ ಊಟಕ್ಕೆ ಕುಳಿತಾಗ ಇವರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು, "ಅಷ್ಟು ದೊಡ್ಡ ಮನೆಯವರಿಗೆ ಪುಸ್ತಕ ಓದ್ಲಿಕ್ಕೆ ನೀನೇ ಆಗ್ಬೇಕಾ? ಟ್ರಾನ್ಸ್‌ಲೇಶನ್ ಆಫೀಸು ಎಷ್ಟು ಬೇಕಾದ್ರೂ ಉಂಟು. ಇದರಲ್ಲಿ ಏನೋ ಉಂಟು ನೋಡು." ನನ್ನ ಅನುಮಾನವನ್ನೇ ಇವರ ಬಾಯಿಂದ ಕೇಳಿದ ಮೇಲೆ ನನಗೆ ಹೋಗಲೇಬೇಕು ಅನ್ನಿಸಿತು. ನನ್ನ ಸ್ವಭಾವವೇ ಹಾಗೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಇಬ್ಬರೂ ಹೋದೆವು. ಮುಹರ್ರಕ್ ಸೇತುವೆ ದಾಟಿ ಬುಸೈತೀನಿನ ಹಳೇ ಭಾಗದ ಒಂದು ಬಿಳಿ ಮನೆ. ಹಾಜಿಗೆ ಎಪ್ಪತ್ತು ದಾಟಿತ್ತು. ಅವಾಲಿಯಲ್ಲಿ ತೈಲದ ಕೆಲಸ ಮಾಡಿ ನಿವೃತ್ತರಾದವರು. ಹುಡುಗನಾಗಿದ್ದಾಗ ಅಪ್ಪನ ಮುತ್ತಿನ ವ್ಯಾಪಾರದ ಜೊತೆ ಕೆಲವು ವರ್ಷ ಮುಂಬಯಿಯಲ್ಲಿ ಇದ್ದವರಾದ್ದರಿಂದ ಹಿಂದಿ ನನಗಿಂತ ಸಲೀಸು. ನಮ್ಮ ಮಾತೆಲ್ಲ ಆ ಮುಂಬಯಿ ಹಿಂದಿಯಲ್ಲೇ ನಡೆಯಿತು. ಮಗಳು ಕಾಲೇಜೊಂದರಲ್ಲಿ ಕಲಿಸುವವಳು, ಮಾತು ಕಡಿಮೆ, ಕಣ್ಣು ಚುರುಕು. ಗಾವಾ ಅನ್ನುವ ಅರಬ್ಬಿ ಕಾಫಿ ಬಂತು, ಖರ್ಜೂರ ಬಂತು. ಅವಳು ಮೇಜಿನ ಮೇಲೆ ಒಂದು ದಪ್ಪ ಫೋಟೊಕಾಪಿ ಇಟ್ಟಳು. ಅದರ ಪಕ್ಕದಲ್ಲಿ ರೆಕಾರ್ಡಿಂಗ್ ಒತ್ತಿ ತನ್ನ ಫೋನನ್ನೂ ಇಟ್ಟಳು.

"ಇದು ಯಾಕೆ?" ಎಂದೆ.

"ತಂದೆಯವರು ಆಮೇಲೆ ಮತ್ತೆ ಕೇಳಬಹುದು" ಎಂದಳು.

ನನಗೆ ನಂಬಿಕೆ ಬರಲಿಲ್ಲ. ನಾನು ಒಂದು ಕಡೆ ಒಂದು ಅರ್ಥ, ಇನ್ನೊಂದು ಕಡೆ ಇನ್ನೊಂದು ಅರ್ಥ ಹೇಳುತ್ತೇನೋ ಎಂದು ಹಿಡಿಯಲು ಇಟ್ಟದ್ದು ಅದು. ಪುಸ್ತಕವನ್ನು ಮನೆಗೆ ಒಯ್ದು ಮೊದಲೇ ಓದಿಕೊಳ್ಳುತ್ತೇನೆ ಎಂದರೂ ಅವಳು ಒಪ್ಪಲಿಲ್ಲ. ಇಲ್ಲೇ ಓದಬೇಕು, ಇಲ್ಲೇ ಹೇಳಬೇಕು.

ಪುಸ್ತಕ ಫ್ರಾನ್ಸಿನ ಒಬ್ಬ ಭೂಗೋಳಶಾಸ್ತ್ರಜ್ಞ ಬರೆದದ್ದು. ವಸಾಹತುಗಳ ಕಾಲದವನು, ಸತ್ತು ಎಷ್ಟೋ ವರ್ಷಗಳಾದವನು. ಪ್ಯಾರಿಸಿಗೆ ಓದಲು ಹೋಗಿದ್ದ ಹಾಜಿಯ ತಮ್ಮನ ಮಗ ಯಾವುದೋ ಲೈಬ್ರರಿಯಿಂದ ಅದರ ಪ್ರತಿ ತಂದಿದ್ದ. ನನ್ನ ಫ್ರೆಂಚೋ, ರೈಲ್ವೆ ಸ್ಟೇಷನ್ ಎಲ್ಲಿದೆ, ನನ್ನ ಅಕ್ಕನ ಟೋಪಿ ನೀಲಿ ಎಂದು ಕಲಿಸುವ ಫ್ರೆಂಚು. ಅವನದು ಅರ್ಧ ಪುಟಕ್ಕೊಂದು ವಾಕ್ಯ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಬೆವರುತ್ತ ಓದಿದೆ. ಆ ಶುಕ್ರವಾರಕ್ಕೆ ಮುನ್ನುಡಿಯ ಅರ್ಧವೂ ಮುಗಿಯಲಿಲ್ಲ. ಹೀಗೆ ಪ್ರತಿ ಶುಕ್ರವಾರ ಹೋಗಿಬರುವುದು ಶುರುವಾಯಿತು.

ಮುನ್ನುಡಿ ಬರೆದವನು ಅವನ ಶಿಷ್ಯ. ಗುರು ಹುಟ್ಟಿದ್ದು ಸಮುದ್ರದ ಗಾಳಿಯೂ ತಾಕದ ಒಳನಾಡಿನ ಹಳ್ಳಿಯಲ್ಲಂತೆ, ಶಾಲಾ ಮಾಸ್ತರರ ಮಗನಾಗಿ. ಅಪ್ಪನ ಶಾಲೆಯ ಗೋಡೆಯ ಭೂಪಟದಲ್ಲಿ ಏನೂ ಬರೆಯದೆ ಬಿಟ್ಟ ಬಿಳಿ ಜಾಗಗಳಿದ್ದವು. ಅವುಗಳನ್ನು ತುಂಬಿಸಬೇಕೆಂಬ ಹುಚ್ಚು ಅವನಿಗೆ ಆಗಲೇ ಹತ್ತಿತ್ತು. ದೊಡ್ಡವನಾಗಿ ಸೈನ್ಯದ ನಕ್ಷೆಯ ಕೆಲಸ ಹಿಡಿದು ಅಲ್ಜೀರಿಯಾಕ್ಕೆ ಹೋದ. ಮರುಭೂಮಿಯ ಒಂದೊಂದು ಬಾವಿಯ ಆಳ, ಬಿಸಿ, ರುಚಿ ಬರೆದುಕೊಂಡ. ಅವನ ಹಿಂದೆ ಸೈನ್ಯ ಬಂದು ಅದೇ ಬಾವಿಗಳ ಪಕ್ಕದಲ್ಲಿ ಡೇರೆ ಹಾಕಿತು. ನೀರು ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ ಎಂದು ಶಿಷ್ಯ ಗುರುವನ್ನು ಹಾಡಿ ಹೊಗಳಿದ್ದ. ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಹಾಜಿ ಗಾವಾದ ಲೋಟ ಕೆಳಗಿಟ್ಟು "ಹೂಂ" ಎಂದರು.

ನಿಜ ಹೇಳುವುದಾದರೆ ಆ ಮನುಷ್ಯನ ಮೇಲೆ ನನಗೆ ಮೊದಲ ವಾರವೇ ಸಿಟ್ಟು ಬಂತು. ಕಲ್ಲಿನ ಬಗ್ಗೆ, ಗಾಳಿಯ ಬಗ್ಗೆ, ನೀರಿನ ಬಗ್ಗೆ ಬರೆಯುವಾಗ ಎಷ್ಟು ಚಂದ ಬರೆಯುತ್ತಾನೆ! ಜನರ ಬಗ್ಗೆ ಬಂದ ಕೂಡಲೇ ಮೀನು ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡುವವರ ಹಾಗೆ ಹಲ್ಲು, ಹಣೆ, ಮೂಗು. ನಮ್ಮ ಕರಾವಳಿಗೂ ಬಂದಿದ್ದನೋ ಎಂದು ವಿಷಯಸೂಚಿಯನ್ನು ಮಗುಚಿ ನೋಡಿದೆ. ಬಂದಿರಲಿಲ್ಲ, ಬದುಕಿದೆವು. ಹೆಂಡತಿ ಊರಿನಲ್ಲಿ ತೀರಿಹೋದ ಸುದ್ದಿ ಅವನಿಗೆ ಮುಟ್ಟಿದಾಗ ಕೆಂಪು ಸಮುದ್ರದ ದಡದಲ್ಲಿ ಭರತ ಇಳಿತ ಅಳೆಯುತ್ತಿದ್ದನಂತೆ. ಅಳತೆ ಮುಗಿಸಿಯೇ ಎದ್ದನೆಂದು ಶಿಷ್ಯ ಅದನ್ನೂ ಹೊಗಳಿದ್ದ. ಹಾಜಿಯ ಮಗಳು ಮೊದಲ ಸಲ ನನ್ನ ಮುಖ ನೋಡಿದಳು. ಆ ಒಂದು ಗಳಿಗೆ ನಾವಿಬ್ಬರೂ ಒಂದೇ ಕಡೆಯವರಾಗಿದ್ದೆವು.

ಆದರೆ ಒಂದು ವಿಷಯದಲ್ಲಿ ಅವನು ನನಗೆ ಸಂಬಂಧಿಕನಂತೆ ಕಂಡ. ಅವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಬಾವಿ ಎಲ್ಲಿ, ಕಂದರ ಎಲ್ಲಿ ಎಂದು ಒಬ್ಬನನ್ನು ಕೇಳಿ ಬರೆದುಕೊಳ್ಳುವವನಲ್ಲ. ಒಬ್ಬನನ್ನು ಕೇಳುವುದು, ಅವನಿಗೆ ತಿಳಿಯದ ಹಾಗೆ ಇನ್ನೊಬ್ಬನನ್ನು ಕೇಳುವುದು, ಆಮೇಲೆ ಮೂರನೆಯವನನ್ನು. ಮೂವರ ಮಾತೂ ಒಂದೇ ಆದರೆ ನಕ್ಷೆಯಲ್ಲಿ ಶಾಯಿ ಹಚ್ಚುವುದು. ಒಬ್ಬನ ಮಾತು ಬೇರೆಯಾದರೂ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು. ಈ ಪದ್ಧತಿಯಿಂದಲೇ ಅವನಿಗೆ ಹೆಸರು, ಪದಕ, ಕೊನೆಗೆ ಕಾಲೇಜಿನ ಕುರ್ಚಿ. ಒಳ್ಳೆಯ ಉಪಾಯವೆಂದು ನಾನೂ ತಲೆದೂಗಿದೆ. ಸಂತೆಗೆ ಹೋದರೆ ನಾನು ಮಾಡುವುದೂ ಅದನ್ನೇ.

ನಾಲ್ಕಾರು ವಾರ ಕಳೆದವು. ಪ್ರತಿ ಸಲ ಮಗಳದು ಅದೇ ಪ್ರಶ್ನೆ. "ಬಹ್ರೈನ್ ಬಂತಾ? ಮುಹರ್ರಕ್ ಬಂತಾ?" ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು. ಆಗ ಬುಸೈತೀನಿನ ಸುತ್ತ ಸಮುದ್ರಕ್ಕೆ ಮಣ್ಣು ತುಂಬಿಸಿ ಸೈಟು ಮಾಡುವ ಕೆಲಸ ಭರದಿಂದ ಸಾಗಿತ್ತು. ದಡ ಮೊದಲು ಎಲ್ಲಿತ್ತು, ಯಾರ ಮನೆಯ ಮುಂದೆ ಎಷ್ಟಿತ್ತು ಎಂಬ ಹಳೇ ನಕ್ಷೆ ಸಿಕ್ಕಿದರೆ ಯಾರಿಗೆ ಬೇಡ? ಇದು ಜಾಗದ ತಕರಾರು, ನಾಳೆ ಕೋರ್ಟಿನಲ್ಲಿ ಈ ರೆಕಾರ್ಡಿಂಗ್ ಹಾಕುತ್ತಾರೆ, ಟ್ಯೂಷನ್ ಟೀಚರು ಯಾರು, ಅವಳಿಗೆ ಕೆಲಸದ ಪರವಾನಗಿ ಇದೆಯೇ ಎಂದು ಎದುರು ಪಕ್ಷದವರು ಕೇಳುತ್ತಾರೆ. ದೋಸೆ ಹೊಯ್ಯುವಾಗಲೂ ಇದೇ ಯೋಚನೆ. ಇವರಂತೂ "ನೀನು ಹೋಗಿ ಸಿಕ್ಕಿಬೀಳು, ನಾನು ಬಾಂಬೆ ವಿಮಾನದ ಟಿಕೆಟ್ ತೆಗೆದಿಡ್ತೇನೆ" ಎಂದು ಗೇಲಿ ಮಾಡಿದರು.

ಮುಂದಿನ ಶುಕ್ರವಾರ ನಾನು ಪುಸ್ತಕ ಮುಟ್ಟಲಿಲ್ಲ. "ಹಾಜಿ, ನನಗೆ ಮೊದಲು ಒಂದು ವಿಷಯ ಗೊತ್ತಾಗಬೇಕು. ಇಷ್ಟೆಲ್ಲ ಟ್ರಾನ್ಸ್‌ಲೇಶನ್ ಆಫೀಸುಗಳಿರುವಾಗ ನನ್ನನ್ನೇ ಯಾಕೆ ಕರೆದಿರಿ?" ಎಂದು ಕೇಳಿಯೇ ಬಿಟ್ಟೆ. ಪಕ್ಕದಲ್ಲಿದ್ದ ಇವರು ಕೆಮ್ಮಿದರು.

ಹಾಜಿ ಮಗಳ ಕಡೆ ನೋಡಿದರು. ಅವಳು ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದಳು. ಅಂಗೈ ಅಗಲದ ಒಂದು ಹಿತ್ತಾಳೆಯ ದಿಕ್ಸೂಚಿ. ಮುಳ್ಳು ಇನ್ನೂ ಅಲುಗುತ್ತಿತ್ತು.

"ಆಫೀಸಿನವರು ಈ ಊರಿನವರು" ಎಂದರು ಹಾಜಿ. "ಇದರಲ್ಲಿ ಏನು ಬರೆದಿದೆಯೋ ಅದು ನನಗಿಂತ ಮೊದಲು ಬೀದಿಗೆ ಗೊತ್ತಾಗಬಾರದು. ತಮ್ಮನ ಮಗ ಓದಿದರೆ ಮನೆಯವನೇ ಓದಿದ್ದು ಎಂದು ಯಾರೂ ನಂಬುವುದಿಲ್ಲ. ಅದಕ್ಕೆ ಹೊರಗಿನವರು ಬೇಕಿತ್ತು."

ಆಮೇಲೆ ಹೇಳಿದರು. ಹಿಂದಿನ ಕಾಲದಲ್ಲಿ ಇಲ್ಲಿ ಸಮುದ್ರದ ತಳದಲ್ಲೇ ಸಿಹಿನೀರಿನ ಬುಗ್ಗೆಗಳಿದ್ದವು. ಆಡಿನ ಚರ್ಮದ ಚೀಲ ಹಿಡಿದು ಉಪ್ಪುನೀರಿನಲ್ಲಿ ಮುಳುಗಿ, ಬುಗ್ಗೆಯ ಬಾಯಿಗೆ ಚೀಲದ ಬಾಯಿ ಒಡ್ಡಿ ತುಂಬಿಸಿಕೊಂಡು ಏಳಬೇಕು. ಇವರ ಕೇರಿಗೆ ಉತ್ತರ ದಿಕ್ಕಿನ ಸಮುದ್ರದಲ್ಲಿ ಅಂಥದೊಂದು ಬುಗ್ಗೆ ಇತ್ತು. ಬೇಸಗೆಯಲ್ಲಿ ಕೇರಿಯ ಪ್ರಾಣ ಅದರಲ್ಲಿ. ಆ ಫ್ರೆಂಚ್ ಮನುಷ್ಯ ಬಂದಾಗ ಅವನಿಗೆ ದೋಣಿ ನಡೆಸಿದ್ದು ಹಾಜಿಯ ಅಜ್ಜ. ಹೋಗುವಾಗ ಅವನು ಅಜ್ಜನಿಗೆ ಈ ದಿಕ್ಸೂಚಿ ಕೊಟ್ಟ. ಅದಾಗಿ ಕೆಲವು ವರ್ಷಗಳಲ್ಲಿ ಯಾವುದೋ ಹಡಗಿನವರು ದೋಣಿಗಳಲ್ಲಿ ಬಂದು ನೇರವಾಗಿ ಉತ್ತರದ ಬುಗ್ಗೆಯ ಮೇಲೆ ಲಂಗರು ಹಾಕಿ ಪೀಪಾಯಿ ತುಂಬಿಸಿಕೊಂಡು ಹೋದರು. ಅವರಿಗೆ ಜಾಗ ತೋರಿಸಿದ್ದು ಯಾರು? ಊರಿನವರು ದಿಕ್ಸೂಚಿ ನೋಡಿದ್ದರು, ಅಷ್ಟು ಸಾಕಾಯಿತು. ಅಂದಿನಿಂದ ಇವರದು ನೀರು ತೋರಿಸಿಕೊಟ್ಟವನ ಮನೆ.

"ನನ್ನ ತಾಯಿಗೆ ಹೆಂಗಸರು ಎದುರಿಗೇ ಅಂದರು. ನಾನು ಮುಳುಗಿ ನೀರು ತರುವಾಗ ಹುಡುಗರು ಅಂದರು. ಎದುರು ಮನೆಯವನು ಈಗಲೂ ನಗುತ್ತಾ ಅನ್ನುತ್ತಾನೆ. ಅಜ್ಜ ಬಾಯಿ ಬಿಡದೆ ಸತ್ತ. ಟೀಚರ್, ನಾನು ಸಾಯುವುದರೊಳಗೆ ಇದನ್ನು ಗೋಡೆಗೆ ಹಾಕಬೇಕೋ ಸಮುದ್ರಕ್ಕೆ ಹಾಕಬೇಕೋ ಗೊತ್ತಾಗಬೇಕು." ಹಾಗೆಂದು ಕಿಟಕಿಯ ಕಡೆ ಕೈ ತೋರಿಸಿ, "ಸಮುದ್ರಕ್ಕೆ ಹಾಕಬೇಕಾದರೂ ಈಗ ಕಾರಿನಲ್ಲಿ ಹೋಗಬೇಕು, ಮೊದಲು ಇದೇ ಗೋಡೆಗೆ ತೆರೆ ಬಡಿಯುತ್ತಿತ್ತು" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಂಕಟವಾಯಿತು. ಇಷ್ಟು ವಾರ ನಾನು ಇವರನ್ನು ಅಳೆದದ್ದೇ ಅಳೆದದ್ದು.

ಬಹ್ರೈನಿನ ಅಧ್ಯಾಯ ಬಂದದ್ದು ಅದರ ಮುಂದಿನ ವಾರ. ಓದುತ್ತ ಓದುತ್ತ ಒಂದು ಕಡೆ ನನ್ನ ನಾಲಿಗೆ ನಿಂತಿತು.

"ಏನಾಯಿತು?" ಎಂದಳು ಮಗಳು.

"ಒಂದು ಶಬ್ದ ನೋಡಬೇಕು" ಎಂದು ಡಿಕ್ಷನರಿ ತಿರುವಿದೆ. ಶಬ್ದ ನನಗೆ ಗೊತ್ತಿತ್ತು. ಹೇಳುವುದು ಹೇಗೆ ಎಂಬುದು ಗೊತ್ತಾಗುತ್ತಿರಲಿಲ್ಲ.

"ನೀವು ಏನೋ ಮುಚ್ಚಿಡುತ್ತಿದ್ದೀರಿ."

"ಓದಿ ಟೀಚರ್" ಎಂದರು ಹಾಜಿ. "ಏನಿದೆಯೋ ಹಾಗೆ."

ಓದಿದೆ. ನನ್ನ ದೋಣಿಯವನು ಒಳ್ಳೆಯ ಮೈಕಟ್ಟಿನವನು, ಆದರೆ ಶುದ್ಧ ಮೂಢ. ಹುಟ್ಟಿ ಬೆಳೆದ ಸಮುದ್ರವೇ ಅವನಿಗೆ ಗೊತ್ತಿಲ್ಲ. ಸಿಹಿನೀರು ಕೇಳಿದರೆ ದಕ್ಷಿಣಕ್ಕೆ ಕರೆದೊಯ್ದು ಜೊಂಡಿನ ನಡುವೆ ಸುತ್ತಾಡಿಸಿದ, ಎಲ್ಲ ಕಡೆ ಉಪ್ಪು. ಪಾಪ, ಇಂಥವನು ದಾರಿ ತಪ್ಪದಿರಲಿ ಎಂದು ಹೊರಡುವಾಗ ನನ್ನ ಹಳೆಯ ದಿಕ್ಸೂಚಿಯನ್ನು ಅವನಿಗೆ ಬಿಟ್ಟು ಬಂದೆ. ಇದಿಷ್ಟು ಅವನು ಬರೆದದ್ದು.

ಹಾಜಿಯ ಮುಖ ಕಪ್ಪಿಟ್ಟಿತು. "ನನ್ನ ಅಜ್ಜ ಮುತ್ತಿನ ದೋಣಿಗಳಿಗೆ ದಾರಿ ತೋರಿಸುತ್ತಿದ್ದವನು" ಎಂದಷ್ಟೇ ಅಂದರು. ಮಗಳು ಫೋನಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ನಿಮಗೆ ಸರಿಯಾಗಿ ಅರ್ಥವಾಗಿದೆಯೇ?" ಎಂದಳು. ಮೈ ಉರಿಯಿತು. ಆದರೂ ಪುಟ ತಿರುಗಿಸಿದೆ. ಅಲ್ಲಿ ನಕ್ಷೆ ಇತ್ತು. ದಕ್ಷಿಣ ಪೂರ್ವಗಳಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಗುಂಪು. ಉತ್ತರಕ್ಕೆ ಮಾತ್ರ ಏನೂ ಇಲ್ಲ. ಕೆಳಗೆ ವಿವರಣೆ ಹೀಗಿತ್ತು. ಉತ್ತರದಲ್ಲಿ ಹನಿ ಸಿಹಿನೀರಿಲ್ಲವೆಂಬುದು ಖಚಿತ. ದೋಣಿಯವನು, ಬಲೆ ಹೆಣೆಯುವ ಒಬ್ಬ ಮುದುಕ, ಕಾಲು ಎಳೆದು ನಡೆಯುವ ಒಬ್ಬ ದೋಣಿ ಕಟ್ಟುವವ, ಈ ಮೂವರನ್ನೂ ಬೇರೆ ಬೇರೆಯಾಗಿ ಕೇಳಿದೆ, ಮೂವರದೂ ಒಂದೇ ಮಾತು.

ಮೂವರದೂ ಒಂದೇ ಮಾತು. ಅದನ್ನು ಓದುವಾಗ ನನಗೆ ನನ್ನ ಅಪ್ಪನ ಧ್ವನಿ ಕೇಳಿಸಿತು. ಅಪ್ಪ ಮಲ್ಪೆಯ ಕಡೆ ನಾಡದೋಣಿಯಲ್ಲಿ ಗಾಳ ಹಾಕುತ್ತಿದ್ದವರು. ಕಡಲಿನೊಳಗೆ ಬಡಗು ದಿಕ್ಕಿನಲ್ಲಿ ಒಂದು ಮುಳುಗಿದ ಕಲ್ಲು ಇತ್ತು. ಇಲ್ಲಿ ಹಮೂರ್ ಅನ್ನುವ, ನಮ್ಮಲ್ಲಿ ಮುರು ಅನ್ನುವ ಮೀನು ಅಲ್ಲಿ ಗುಂಪುಗುಂಪಾಗಿ ಇರುತ್ತಿತ್ತು. ದಡದಲ್ಲಿ ಹೊರಗಿನವರು ಯಾರಾದರೂ, "ಎಲ್ಲಿ ಸಿಕ್ಕಿತು ಮಾರಾಯ್ರೆ ಇಷ್ಟು ದೊಡ್ಡದು?" ಎಂದರೆ ಅಪ್ಪ ಬೀಡಿ ಕಚ್ಚಿಕೊಂಡೇ "ತೆಂಕು ಕಡೆ" ಅನ್ನುತ್ತಿದ್ದರು. ಅಪ್ಪನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪಕ್ಕದ ದೋಣಿಯವರೂ "ತೆಂಕು ಕಡೆ" ಅನ್ನುತ್ತಿದ್ದರು. ಚಡ್ಡಿ ಹಾಕದ ಮಕ್ಕಳೂ ಹಾಗೇ ಅನ್ನುತ್ತಿದ್ದವು. ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ತೆಂಕಿಗೆ ಹೋದವರಿಗೆ ಬರೀ ಕೆಸರು.

"ಹಾಜಿ" ಎಂದೆ, ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು, "ಉತ್ತರದ ಬುಗ್ಗೆಯ ನೀರು ನೀವು ಕುಡಿದಿದ್ದೀರಾ?"

"ಕುಡಿಯದೆ? ಅದೇ ನೀರಿನಲ್ಲಿ ಬೆಳೆದದ್ದು."

"ಹಾಗಾದರೆ ಇಲ್ಲಿ ನೋಡಿ. ಇವನ ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ. ಒಬ್ಬ ಸುಳ್ಳು ಹೇಳಿದ್ದರೆ ಇವನು ಹಿಡಿಯುತ್ತಿದ್ದ. ನಿಮ್ಮ ಅಜ್ಜ ಹೇಳಿದ ಸುಳ್ಳನ್ನೇ ಉಳಿದಿಬ್ಬರೂ ಹೇಳಿದ್ದಾರೆ, ಅದಕ್ಕೇ ನಂಬಿದ. ಇವನು ಬೈದದ್ದು ನಿಜವಾಗಿಯೂ ತಿಳಿಯದವನನ್ನಲ್ಲ. ತಿಳಿದೂ ತಿಳಿಯದವನ ಹಾಗೆ ನಿಂತವನನ್ನು." ಅಪ್ಪನ ಕಲ್ಲಿನ ಕತೆಯನ್ನೂ ಹೇಳಿದೆ.

ಹಾಜಿ ನಕ್ಷೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ, "ಆ ಬೈದದ್ದನ್ನು ಮತ್ತೆ ಓದಿ" ಎಂದರು. ಓದಿದೆ. "ಮತ್ತೊಮ್ಮೆ." ಮತ್ತೆ ಓದಿದೆ. ಮೂಢ ಎಂಬಲ್ಲಿಗೆ ಬಂದಾಗ ಅವರು ನಗತೊಡಗಿದರು. ನಗುತ್ತ ನಗುತ್ತ ಕೆಮ್ಮು ಬಂದು ಮಗಳು ಬೆನ್ನು ತಟ್ಟಬೇಕಾಯಿತು. ಅವಳ ಕಣ್ಣಲ್ಲೂ ನೀರಿತ್ತು. ಫೋನ್ ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು.

ನನ್ನದು ಅಲ್ಲಿಗೂ ಸುಮ್ಮನಿರುವ ಬುದ್ಧಿಯಲ್ಲ. "ಹಾಗಾದರೆ ಆ ಹಡಗಿನವರಿಗೆ ತೋರಿಸಿಕೊಟ್ಟವರು ಯಾರು?" ಎಂದೆ. ಹಾಜಿ ಕಣ್ಣೊರೆಸಿಕೊಂಡು, "ಟೀಚರ್, ಅಲ್ಲಿಗೆ ನಿಲ್ಲಿಸಿ. ಒಂದು ಮನೆಯ ಮೇಲೆ ಅನುಮಾನ ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತು" ಎಂದರು. ನಾನು ಪುಸ್ತಕ ಮುಚ್ಚಿದೆ. ಅನುಮಾನ ಮಾತ್ರ ಇಂದಿಗೂ ಹೋಗಿಲ್ಲ.

ಮುಂದಿನ ಶುಕ್ರವಾರ ಹೋದಾಗ ದಿಕ್ಸೂಚಿ ಮಜ್ಲಿಸಿನ ಗೋಡೆಯ ಮೇಲಿತ್ತು. ಗಂಡಸರು ಕೂರುವ ಆ ಹಜಾರದಲ್ಲಿ, ಹೊಸ ಮರದ ಚೌಕಟ್ಟಿನೊಳಗೆ. ಅದರ ಕೆಳಗೆ ಹಾಜಿಯ ವಯಸ್ಸಿನ ಇನ್ನೊಬ್ಬರು ಕೋಲೂರಿ ಕುಳಿತಿದ್ದರು. ಎದುರು ಮನೆಯವರು, ಈಗಲೂ ನಗುತ್ತಾ ಅನ್ನುತ್ತಿದ್ದವರು. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಈ ಹೆಂಗಸಿಗೆ ಏನು ಹೇಳಿಕೊಟ್ಟು ಕರೆಸಿದ್ದಾರೋ ಎಂಬ ನೋಟ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

"ಓದಿ" ಎಂದರು ಹಾಜಿ. ನಾನು ಓದಿ ಹಿಂದಿಯಲ್ಲಿ ಹೇಳಿದೆ, ಹಾಜಿ ತಾವೇ ಅದನ್ನು ಅರಬ್ಬಿಯಲ್ಲಿ ಹೇಳಿದರು. ತಮ್ಮ ಅಜ್ಜನನ್ನು ಮೂಢ ಎಂದು ಬೈದದ್ದನ್ನು ಬೆನ್ನು ನೆಟ್ಟಗೆ ಮಾಡಿ ಕುಳಿತು, ಒಂದು ಅಕ್ಷರ ಬಿಡದೆ ಹೇಳಿದರು. ಮೂವರು ಸಾಕ್ಷಿಗಳ ವಿವರಣೆ ಬಂತು. ಕಾಲು ಎಳೆದು ನಡೆಯುವ ದೋಣಿ ಕಟ್ಟುವವ ಎಂದಾಗ ಎದುರು ಮನೆಯವರು ಕೈಯೆತ್ತಿ ತಡೆದು, ಅದನ್ನು ಇನ್ನೊಮ್ಮೆ ಹೇಳಿಸಿದರು. ಕಾಲು ಎಳೆಯುತ್ತಿದ್ದವನು ಅವರ ಅಜ್ಜ. ತಮ್ಮ ಅಜ್ಜನೂ ಅದೇ ಸುಳ್ಳು ಹೇಳಿದವನು, ಹಾಜಿಯ ಅಜ್ಜ ನೀರು ತೋರಿಸಲಿಲ್ಲ ಎಂದು ಗೊತ್ತಿದ್ದವನು ಎಂಬುದು ಅವರ ಮುಖದಲ್ಲಿ ನಿಧಾನವಾಗಿ ಇಳಿಯಿತು.

ಅವರು ಕೋಲೂರಿ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಆದರೆ ಬಾಗಿಲ ಕಡೆ ಹೋಗಲಿಲ್ಲ. ಹಾಜಿಯ ಮುಂದೆ ಬಂದು, ಕುಳಿತೇ ಇದ್ದ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ನೆತ್ತಿಗೆ ಮುತ್ತಿಟ್ಟರು. ಈ ನಾಡಿನಲ್ಲಿ ಮಗ ತಂದೆಗೆ ಹಾಗೆ ಮಾಡುತ್ತಾನೆ, ತಪ್ಪು ಮಾಡಿದವನು ತಪ್ಪಾಯಿತೆಂದು ಹೇಳುವಾಗಲೂ ಹಾಗೇ ಮಾಡುತ್ತಾನೆ. ಹಾಜಿ ಕಣ್ಣು ಮುಚ್ಚಿಕೊಂಡರು. "ಅಮ್ಮ ಇರಬೇಕಿತ್ತು" ಎಂದರು, ಅರಬ್ಬಿಯಲ್ಲಲ್ಲ, ನನಗೂ ತಿಳಿಯಲೆಂದೋ ಏನೋ, ಹಿಂದಿಯಲ್ಲಿ.